ಬೆನ್ನ ಹಿಂದಿನ ಖಾಲಿ ಮನೆ



ನಮ್ಮ ಅಜ್ಜಿ ಹುಲಿ-ಕುರಿ ಆಟದಲ್ಲಿ ಸೋತದ್ದನ್ನು ನಾನು ಕಂಡದ್ದೇ ಕಡಿಮೆ. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮದು ಕಾರ್ಖಾನೆಯ ಕ್ವಾರ್ಟರ್ಸು. ಮುಂದಿನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಳ್ಳುತ್ತಿದ್ದೆವು. ಮೂರು ಬೆಣಚುಕಲ್ಲು ಹುಲಿಗಳು. ಹದಿನೈದು ಹುಣಸೆಬೀಜ ಕುರಿಗಳು. ಮಕ್ಕಳೆಲ್ಲ ಹುಲಿಗಾಗಿ ಜಗಳ ಆಡುತ್ತಿದ್ದೆವು. ಅಜ್ಜಿ ಸುಮ್ಮನೆ ಕುರಿ ತೆಗೆದುಕೊಳ್ಳುತ್ತಿದ್ದರು. ಗೆಲ್ಲುತ್ತಿದ್ದವರೂ ಅವರೇ.

ಆ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಹುಲಿ ಕುರಿಯನ್ನು ಹೊಡೆಯುವುದು ಅದರ ಮೇಲೆ ಹಾರಿ. ಹಾರಿದ ಹುಲಿಗೆ ಕಾಲೂರಲು ಜಾಗ ಬೇಕು. ಎಂದರೆ, ಕುರಿಯ ಬೆನ್ನ ಹಿಂದಿನ ಮನೆ ಖಾಲಿ ಇರಬೇಕು. ಅಲ್ಲಿ ಇನ್ನೊಂದು ಕುರಿ ಕೂತಿದ್ದರೆ ಹುಲಿಯ ಆಟ ನಡೆಯುವುದಿಲ್ಲ. ಅಜ್ಜಿ ಹೇಳುತ್ತಿದ್ದರು: "ಹುಲಿ ಎಲ್ಲಿದೆ ಅಂತ ಎಲ್ಲರೂ ನೋಡ್ತಾರೆ ಮಗ. ಹಿಂದಿನ ಮನೆ ಖಾಲಿ ಇದೆಯಾ, ಅದನ್ನ ನೋಡು."

ಈ ಮಾತು ನನಗೆ ಮತ್ತೆ ಕೆಲಸಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ. ಅದೂ ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ, ಕಂಪ್ಯೂಟರ್ ಮುಂದೆ ಕೂತಾಗ. ಅಕ್ಕನ ಮಗ ಒಬ್ಬನಿದ್ದಾನೆ. ಇಂಜಿನಿಯರಿಂಗ್ ಓದುವಾಗ ನಮ್ಮಲ್ಲೇ ಇದ್ದ. ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಣದ ಯಾರೊಂದಿಗೋ ಮಾತಾಡುತ್ತ, ಏನೋ ಆಡುತ್ತಿದ್ದ. ಬೈಯೋಣ ಅಂತಲೇ ಕೋಣೆಗೆ ಹೋದೆ. ನೋಡುತ್ತ ನಿಂತೆ. ಆಮೇಲೆ ಕುರ್ಚಿ ಎಳೆದುಕೊಂಡೆ.

ಆನ್‌ಲೈನ್ ತಂಡದ ಆಟಗಳನ್ನು ಹೊಸದಾಗಿ ಕಲಿಯಬೇಕು ಅನ್ನುವವರಿಗೆ ಇವತ್ತಿನ ಮಾತು. ಮಕ್ಕಳು ಏನು ಆಡುತ್ತಿದ್ದಾರೆ ಎಂದು ತಿಳಿಯಬೇಕು ಅನ್ನುವ ತಂದೆತಾಯಿಗಳಿಗೂ ಹೌದು. ನಾನು ಇದರಲ್ಲಿ ಪಂಡಿತನಲ್ಲ. ಚೆನ್ನಾಗಿ ಸೋತು ಕಲಿತವನು, ಅಷ್ಟೆ.

ಮೊದಲು, ಯಾವ ಆಟದ ಮಾತು ಇದು? ಐದು ಜನ ಈ ಕಡೆ, ಐದು ಜನ ಆ ಕಡೆ ನಿಂತು ಆಡುವ ಯುದ್ಧತಂತ್ರದ ಆಟ. ಹತ್ತು ಜನ ಹತ್ತು ಊರುಗಳಲ್ಲಿ ಕೂತಿರಬಹುದು. 2003ರ ಹೊತ್ತಿಗೆ ವಾರ್‌ಕ್ರಾಫ್ಟ್ ಎಂಬ ಆಟದೊಳಗೆ, ಅದನ್ನು ಆಡುವವರೇ ಕಟ್ಟಿ ಸೇರಿಸಿದ ಒಂದು ಹೊಸ ನಕ್ಷೆಯಾಗಿ ಡೋಟಾ ಹುಟ್ಟಿತು. 2009ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಬಂತು. 2013ರಲ್ಲಿ ಡೋಟಾ 2 ಬಂತು. ನಾನು ಕಲಿತದ್ದು ಡೋಟಾ 2. ಇದನ್ನು ಕೊಳ್ಳಬೇಕಾಗಿಲ್ಲ, ಉಚಿತ. ಆದರೆ ಕಂಪ್ಯೂಟರ್ ಬೇಕು, ಫೋನಿನಲ್ಲಿ ಆಗುವುದಿಲ್ಲ.

ಈಗ ಆಟದ ಬಯಲನ್ನು ನಿಮಗೆ ತೋರಿಸಬೇಕು. ರೇಡಿಯೋದಲ್ಲಿ ತೋರಿಸುವುದು ಹೇಗೆ? ಅದೃಷ್ಟಕ್ಕೆ ನಮ್ಮ ಜಿಲ್ಲೆಯೇ ಆ ನಕ್ಷೆಯಂತಿದೆ. ಕಣ್ಣು ಮುಚ್ಚಿಕೊಳ್ಳಿ. ಗಾಡಿ ಓಡಿಸುತ್ತ ಕೇಳುತ್ತಿರುವವರು ಮಾತ್ರ ಮುಚ್ಚಬೇಡಿ.

ಒಂದು ಚೌಕ. ಒಂದು ಮೂಲೆಯಲ್ಲಿ ಶಿವಮೊಗ್ಗ. ಅದಕ್ಕೆ ಎದುರು ಮೂಲೆಯಲ್ಲಿ ಭದ್ರಾವತಿ. ಇವೆರಡೂ ಎರಡು ತಂಡಗಳ ಮನೆ. ನಡುವೆ ನೆಟ್ಟಗೆ ಒಂದು ದಾರಿ, ನಮ್ಮ ಬಿ.ಎಚ್. ರಸ್ತೆ. ಸುಮಾರು 20 ಕಿಲೋಮೀಟರ್. ಇನ್ನೊಂದು ದಾರಿ ಮೇಲುಗಡೆಯಿಂದ, ಹೊಳೆಹೊನ್ನೂರು ಸುತ್ತಿ ಬರುತ್ತದೆ. ಮೂರನೆಯದು ಕೆಳಗಡೆಯಿಂದ, ಉಂಬ್ಳೆಬೈಲಿನ ಕಾಡು ಹಾದು ಬಿ.ಆರ್. ಪ್ರಾಜೆಕ್ಟ್ ಮೇಲೆ ಬರುತ್ತದೆ. ಆಟದಲ್ಲೂ ಹೀಗೇ ಮೂರು ದಾರಿ. ಆಡುವವರು ಅದನ್ನು ಲೇನ್ ಅನ್ನುತ್ತಾರೆ. ಬಿ.ಆರ್.ಪಿ. ಕಡೆಯಿಂದ ಹೊಳೆಹೊನ್ನೂರಿನ ಕಡೆಗೆ ಭದ್ರೆ ಹರಿಯುತ್ತಾಳಲ್ಲ, ಆಟದಲ್ಲೂ ಹಾಗೇ ಉಳಿದೆರಡು ಮೂಲೆಗಳ ನಡುವೆ ಒಂದು ಹೊಳೆ. ಒಂದೇ ವ್ಯತ್ಯಾಸ. ಆಟದ ಹೊಳೆ ಭದ್ರಾವತಿ ಊರೊಳಗೆ ಹಾಯುವುದಿಲ್ಲ. ಸರಿಯಾಗಿ ಅರ್ಧ ದಾರಿಯಲ್ಲಿ, ಮಾಚೇನಹಳ್ಳಿಯ ಹತ್ತಿರ ಅನ್ನಿ, ಅಡ್ಡ ಹಾಯುತ್ತದೆ. ದಾರಿಗಳ ನಡುವಿನ ಜಾಗವೆಲ್ಲ ಕಾಡು.

ಪ್ರತಿ ದಾರಿಯಲ್ಲೂ ಒಂದೊಂದು ತಂಡಕ್ಕೆ ಮೂರು ಕಾವಲು ಗೋಪುರ. ಮನೆಯ ಬಾಗಿಲಲ್ಲಿ ಇನ್ನೆರಡು. ಒಟ್ಟು ಹನ್ನೊಂದು. ಗೋಪುರದ ಹತ್ತಿರ ಶತ್ರು ಬಂದರೆ ಅದು ತಾನೇ ಹೊಡೆಯುತ್ತದೆ. ಎಲ್ಲಕ್ಕಿಂತ ಒಳಗೆ ಮೂಲಕಟ್ಟಡ. ಅದು ಉರುಳಿದರೆ ಆಟ ಮುಗಿಯಿತು. ಭದ್ರಾವತಿಯ ಮೂಲೆಯಲ್ಲಿ ಆ ಕಟ್ಟಡ ಯಾವುದು ಎಂದು ಕೇಳಬೇಡಿ. ಕಾರ್ಖಾನೆ ಉರುಳುವ ಮಾತನ್ನು ಆಟಕ್ಕೂ ಆಡಲು ನನಗೆ ಮನಸ್ಸಿಲ್ಲ.

ಅರ್ಧ ನಿಮಿಷಕ್ಕೊಮ್ಮೆ ಎರಡೂ ಮನೆಗಳಿಂದ ಪುಟ್ಟ ಕಾಲಾಳುಗಳ ಗುಂಪು ಹೊರಡುತ್ತದೆ. ಮೂರೂ ದಾರಿಯಲ್ಲಿ. ಇವುಗಳನ್ನು ಯಾರೂ ನಡೆಸುವುದಿಲ್ಲ, ತಾವೇ ನಡೆಯುತ್ತವೆ. ಕ್ರೀಪ್ ಅನ್ನುತ್ತಾರೆ. ನೀವು ನಡೆಸುವುದು ಒಬ್ಬನನ್ನು ಮಾತ್ರ. ಅವನು ಹೀರೋ. ಎದುರಿನ ಕ್ರೀಪ್ ಸಾಯುವ ಹೊತ್ತಿಗೆ ಕೊನೆಯ ಏಟು ನಿಮ್ಮದಾದರೆ ಚಿನ್ನ ಸಿಗುತ್ತದೆ. ಚಿನ್ನದಿಂದ ಆಯುಧ. ಆಯುಧದಿಂದ ಬಲ. ಬಲದಿಂದ ಗೋಪುರ ಬೀಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಎರಡು ಮನೆ, ಮೂರು ದಾರಿ, ಒಂದು ಹೊಳೆ. ಗೋಪುರ ಉರುಳಿಸುತ್ತ ಹೋಗಿ ಮೂಲಕಟ್ಟಡ ಉರುಳಿಸಿದವರು ಗೆದ್ದರು. ಈಗ, ಹೊಸಬರು ಎಡವುವುದು ಎಲ್ಲಿ ಎಂದು ನೋಡೋಣ.

ನನ್ನ ಮೊದಲನೆಯ ರಾತ್ರಿಯ ಕಥೆ ಕೇಳಿ. ಅಳಿಯ ನನ್ನನ್ನು ಕೂರಿಸಿದ. ಎದುರಿಗೆ ಒಬ್ಬ ಶತ್ರು ಕಂಡ. ಹೊಡೆದೆ. ಅವನು ಹಿಂದೆ ಸರಿದ. ನಾನು ಅಟ್ಟಿಸಿಕೊಂಡು ಹೋದೆ. ಅವನು ಇನ್ನೂ ಸರಿದ. ನಾನು ಇನ್ನೂ ಹೋದೆ. ಕಾಡಿನಿಂದ ಇನ್ನಿಬ್ಬರು ಬಂದರು. ಸತ್ತೆ. ಎದ್ದು ಬಂದು ಅದನ್ನೇ ಮಾಡಿದೆ. ಮತ್ತೆ ಸತ್ತೆ. ಆ ಒಂದು ಆಟದಲ್ಲಿ ಹನ್ನೊಂದು ಸಲ.

ಅಳಿಯ ಮೆಲ್ಲಗೆ ಹೇಳಿದ: "ಮಾವ, ನೀವು ಫೀಡ್ ಮಾಡ್ತಾ ಇದೀರಿ."

ಫೀಡ್ ಎಂದರೆ ಉಣಿಸುವುದು ತಾನೇ? ಮೆಚ್ಚಿ ಹೇಳಿದ ಅಂದುಕೊಂಡೆ. ನಮ್ಮ ಮನೆತನಕ್ಕೆ ಅನ್ನ ಹಾಕಿದ ಹೆಸರಿದೆ ಎಂದೂ ಅಂದೆ. ಅವನು ನಗುವುದೋ ಅಳುವುದೋ ತಿಳಿಯದೆ ವಿವರಿಸಿದ. ನಾನು ಉಣಿಸುತ್ತಿದ್ದುದು ಶತ್ರುವಿಗೆ.

ಹೇಗೆಂದರೆ, ನೀವು ಸತ್ತಾಗ ಕೊಂದವನಿಗೆ ಚಿನ್ನ ಸಿಗುತ್ತದೆ. ಅನುಭವವೂ ಸಿಗುತ್ತದೆ, ಅದರಿಂದ ಅವನ ಬಲ ಹೆಚ್ಚುತ್ತದೆ. ನಿಮ್ಮ ಗಂಟಿನಿಂದ ಒಂದಿಷ್ಟು ಚಿನ್ನ ಹೋಗುತ್ತದೆ. ಜೊತೆಗೆ ನೀವು ಕಾಯಬೇಕು. ಆರಂಭದಲ್ಲಿ ಹತ್ತು-ಹದಿನೈದು ಸೆಕೆಂಡು. ಆಟದ ಕೊನೆಕೊನೆಗೆ ಒಂದು ನಿಮಿಷ, ಅದಕ್ಕೂ ಹೆಚ್ಚು. ಅಷ್ಟು ಹೊತ್ತು ನಿಮ್ಮವರು ನಾಲ್ಕೇ ಜನ. ಕಬಡ್ಡಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಏಳು ಜನರ ಅಂಕಣದಲ್ಲಿ ಕಾರ್ನರ್ ಆಟಗಾರನೊಬ್ಬ ಜೊತೆಗಾರರನ್ನು ಬಿಟ್ಟು ಒಬ್ಬನೇ ನುಗ್ಗಿ ಔಟಾಗುತ್ತಾನೆ. ಪಾಯಿಂಟು ಹೋದದ್ದು ಒಂದೇ. ಆದರೆ ಅವನು ಹೊರಗೆ ಕೂತಿರುವಷ್ಟು ಹೊತ್ತು ಆ ಮೂಲೆ ತೆರೆದೇ ಇರುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸೋತದ್ದಕ್ಕಲ್ಲ. ಹನ್ನೊಂದು ಸಾವನ್ನೂ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ. ಒಂಬತ್ತು ಸಲ ನಾನು ಹೊಳೆ ದಾಟಿದ್ದೆ. ಹಿಂದೆ ನಮ್ಮ ಗೋಪುರ ಇರಲಿಲ್ಲ. ಪಕ್ಕದಲ್ಲಿ ಗೆಳೆಯ ಇರಲಿಲ್ಲ. ಕಟ್ಟೆಯ ಮೇಲಿನ ಹುಣಸೆಬೀಜ ನೆನಪಾಯಿತು. ಬೆನ್ನ ಹಿಂದಿನ ಮನೆ ಖಾಲಿ ಬಿಟ್ಟು ಬಂದ ಕುರಿ ನಾನು.

ಅಂದಿನಿಂದ ನನಗೆ ನಾನೇ ಹಾಕಿಕೊಂಡ ಪಾಠ ಒಂದೇ. ಮೊದಲ ತಿಂಗಳು ಯಾರನ್ನೂ ಕೊಲ್ಲಲು ಹೋಗಬಾರದು. ಸಾಯದೆ ಇರಬೇಕು. ಕೇಳಲು ಹೇಡಿಯ ಮಾತಿನಂತಿದೆ. ಮಾಡಿ ನೋಡಿ, ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಎದುರಿಗಿನವನು ಅರೆಜೀವವಾಗಿ ಓಡುತ್ತಿರುತ್ತಾನೆ. ಇನ್ನೊಂದೇ ಏಟು. ಕೈ ತಡೆಯುವುದಿಲ್ಲ.

ಸರಿ, ಸಾಯುವುದೆಂದರೆ ಉಣಿಸುವುದು ಎಂದಾಯಿತು. ಹಾಗಾದರೆ ಸಾಯದೆ ಇರಲು ಏನು ನೋಡಬೇಕು? ಎಲ್ಲಿ ನೋಡಬೇಕು?

ಪರದೆಯ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಪುಟ್ಟ ನಕ್ಷೆ ಇರುತ್ತದೆ. ಮಿನಿ ಮ್ಯಾಪ್. ಇಡೀ ಜಿಲ್ಲೆಯ ನಕ್ಷೆಯನ್ನು ಅಂಚೆಚೀಟಿಯ ಮೇಲೆ ಬರೆದಂತೆ. ನಮ್ಮವರದೊಂದು ಬಣ್ಣದ ಚುಕ್ಕೆ, ಅವರದೊಂದು ಬಣ್ಣದ ಚುಕ್ಕೆ. ಹೊಸಬರ ಕಣ್ಣು ತಮ್ಮ ಹೀರೋನ ಮೇಲೆ ನೆಟ್ಟಿರುತ್ತದೆ. ಪಳಗಿದವರ ಕಣ್ಣು ನಾಲ್ಕೈದು ಸೆಕೆಂಡಿಗೊಮ್ಮೆ ಆ ಮೂಲೆಗೆ ಹೋಗಿ ಬರುತ್ತದೆ. ಕಾರು ಓಡಿಸುವವರು ಕನ್ನಡಿ ನೋಡುವಂತೆ.

ಅಲ್ಲಿ ಎಣಿಸಬೇಕಾದದ್ದು ಕಾಣುವ ಶತ್ರುಗಳನ್ನಲ್ಲ, ಕಾಣದವರನ್ನು. ಈ ಆಟದಲ್ಲಿ ನಮ್ಮವರು ಇಲ್ಲದ ಕಡೆಯೆಲ್ಲ ಕತ್ತಲೆ. ಐವರಲ್ಲಿ ಮೂವರು ಹೊಳೆಹೊನ್ನೂರು ದಾರಿಯಲ್ಲಿ ಕಾಣುತ್ತಿದ್ದಾರೆ ಅನ್ನಿ. ಉಳಿದಿಬ್ಬರು ಎಲ್ಲಿ? ಗೊತ್ತಿಲ್ಲದಿದ್ದರೆ ಅವರು ನಿಮ್ಮ ಪಕ್ಕದ ಕಾಡಿನಲ್ಲೇ ಇದ್ದಾರೆ ಎಂದು ತಿಳಿಯಿರಿ. ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಗೋಪುರಕ್ಕೆ ಬೆನ್ನು ಕೊಟ್ಟು ನಿಲ್ಲಿ.

ಕತ್ತಲೆಗೆ ಮದ್ದೂ ಇದೆ. ವಾರ್ಡ್ ಎಂದು ಒಂದು ಸಾಮಾನು. ಕಾಡಿನಲ್ಲಿ ನೆಟ್ಟು ಬಂದರೆ ಕೆಲವು ನಿಮಿಷ ಆ ಸುತ್ತಿನಲ್ಲಿ ಓಡಾಡುವವರೆಲ್ಲ ಕಾಣುತ್ತಾರೆ. ಗದ್ದೆಯ ಬದುವಿನಲ್ಲಿ ಕಂದೀಲು ಇಟ್ಟಂತೆ. ಇದನ್ನು ನೆಡುವ ಕೆಲಸ ಸಾಮಾನ್ಯವಾಗಿ ಸಪೋರ್ಟ್ ಆಟಗಾರನದು.

ಸಪೋರ್ಟ್ ಎಂಬ ಮಾತು ಬಂತು. ಐವರೂ ಒಂದೇ ಕೆಲಸ ಮಾಡುವುದಿಲ್ಲ. ಒಬ್ಬ ಕ್ಯಾರಿ. ಮೊದಲರ್ಧ ಚಿನ್ನ ಕೂಡಿಹಾಕಿ ಕೊನೆಗೆ ತಂಡವನ್ನು ಹೊತ್ತೊಯ್ಯುವವನು. ಒಬ್ಬ ನಡುದಾರಿಯವನು. ಒಬ್ಬ ಎದುರಾಳಿಯ ಕ್ಯಾರಿಗೆ ಕಾಟ ಕೊಡುವವನು. ಉಳಿದಿಬ್ಬರು ಸಪೋರ್ಟ್. ಚಿನ್ನವನ್ನು ಬೇರೆಯವರಿಗೆ ಬಿಟ್ಟು, ಅವರನ್ನು ಕಾಯುವುದು ಇವರ ಕೆಲಸ. ಕೈಲಾಗದವನಿಗೆ ಸಪೋರ್ಟ್ ಕೊಡಿ ಎಂಬ ತಾತ್ಸಾರ ಆಡುವವರಲ್ಲಿ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ಹೊಸಬರು ಸಪೋರ್ಟಿನಿಂದಲೇ ಶುರು ಮಾಡಲಿ ಎನ್ನುವವನು ನಾನು. ಅದು ಸುಲಭ ಎಂದಲ್ಲ. ಇನ್ನೊಬ್ಬರ ಬೆನ್ನ ಹಿಂದಿನ ಮನೆ ತುಂಬುವುದೇ ಅವನ ಕೆಲಸ. ಅದನ್ನು ಮಾಡುತ್ತ ಮಾಡುತ್ತ ತನ್ನ ಬೆನ್ನ ಹಿಂದೆ ನೋಡುವುದೂ ಬಂದುಬಿಡುತ್ತದೆ.

ಹೀರೋಗಳು 120ಕ್ಕೂ ಹೆಚ್ಚು. ಡೋಟಾ 2ರಲ್ಲಿ ಎಲ್ಲರೂ ಉಚಿತವಾಗಿಯೇ ನಿಮಗೆ ಲಭ್ಯ. ಅದೇ ತೊಂದರೆ. ದಿನಕ್ಕೊಬ್ಬನನ್ನು ಹಿಡಿದರೆ ಯಾರೂ ಕೈಗೆ ಹತ್ತುವುದಿಲ್ಲ. ಇಬ್ಬರನ್ನು ಹಿಡಿಯಿರಿ ಸಾಕು. ನಾನು ಹಿಡಿದದ್ದು ಓಗರ್ ಮ್ಯಾಗೈ ಎಂಬ ದಢೂತಿಯನ್ನು. ನೀಲಿ ಮೈ, ಎರಡು ತಲೆ, ಬುದ್ಧಿ ಕಡಿಮೆ. ಆದರೆ ಮೈ ಗಟ್ಟಿ, ಬೇಗ ಸಾಯುವುದಿಲ್ಲ. ಕ್ಯಾರಿ ಆಡಲೇಬೇಕು ಅನ್ನುವವರಿಗೆ ರೈತ್ ಕಿಂಗ್ ಎಂಬ ಅಸ್ಥಿಪಂಜರದ ರಾಜನಿದ್ದಾನೆ. ಒಂದು ಹಂತ ದಾಟಿದ ಮೇಲೆ ಅವನಿಗೊಂದು ವರ ಸಿಗುತ್ತದೆ. ಸತ್ತರೆ ಬಿದ್ದಲ್ಲೇ ಮತ್ತೆ ಏಳುತ್ತಾನೆ. ಆ ವರ ಮತ್ತೆ ಸಿಗಲು ಒಂದಷ್ಟು ಹೊತ್ತು ಕಾಯಬೇಕು. ಹೊಸಬರ ತಪ್ಪಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ನಕ್ಷೆ ನೋಡಿ, ಕಾಣದವರನ್ನು ಎಣಿಸಿ, ಸಪೋರ್ಟಿನಿಂದ ಆರಂಭಿಸಿ. ಇದಿಷ್ಟು ಆಟದ ಒಳಗಿನ ಮಾತು. ಇನ್ನು ಹೊರಗಿನ ಮಾತು. ಖಾಲಿ ಮನೆ ಹೊರಗೂ ಇರುತ್ತದೆ.

ಒಂದು ಆಟಕ್ಕೆ ಸುಮಾರು 40 ನಿಮಿಷ. ನಡುವೆ ಏಳುವಂತಿಲ್ಲ. ನಿಲ್ಲಿಸುವ ಗುಂಡಿ ಇದೆ. ಆದರೆ ನೀವು ನಿಲ್ಲಿಸಿದ್ದನ್ನು ಬೇರೆಯವರು ಮತ್ತೆ ಶುರು ಮಾಡಬಹುದು. ಆದ್ದರಿಂದ ಹಾಲಿಗೆ ಒಲೆ ಹಚ್ಚಿ ಕೂರಬೇಡಿ. ಇದು ನಾನು ಒಂದು ಲೀಟರ್ ಹಾಲು ಕೊಟ್ಟು ಕಲಿತ ಪಾಠ. ಅಮ್ಮಂದಿರಲ್ಲೂ ಒಂದು ವಿನಂತಿ. ಊಟಕ್ಕೆ ಕರೆದಾಗ ಮಗ "ಹತ್ತು ನಿಮಿಷ" ಅಂದರೆ ಅವನು ಉದ್ಧಟನಲ್ಲ. ಅವನು ಎದ್ದರೆ ನಾಲ್ಕು ಜನರ ಬೆನ್ನ ಹಿಂದೆ ಮನೆ ಖಾಲಿಯಾಗುತ್ತದೆ. ಆಟಕ್ಕೆ ಕೂರುವ ಮೊದಲೇ ಊಟದ ಹೊತ್ತು ಗೊತ್ತು ಮಾಡಿಕೊಳ್ಳಲಿಲ್ಲ ಎಂದು ಬೇಕಾದರೆ ಬೈಯಿರಿ. ಆ ಬೈಗುಳ ನ್ಯಾಯ.

ನಮ್ಮೂರ ಇನ್ನೊಂದು ಶತ್ರು ಮಳೆಗಾಲ. ಆಷಾಢದಲ್ಲಿ ಗಾಳಿ ಎದ್ದರೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ಡೋಟಾದಲ್ಲಿ ಸುಮಾರು 5 ನಿಮಿಷದೊಳಗೆ ಮರಳಿ ಬಂದರೆ ಸರಿ. ಇಲ್ಲವಾದರೆ ಆಟ ಬಿಟ್ಟು ಓಡಿದವರ ಲೆಕ್ಕಕ್ಕೆ ಸೇರುತ್ತೀರಿ. ಪದೇ ಪದೇ ಹೀಗಾದರೆ ಅಂಥವರನ್ನೇ ಸೇರಿಸಿ ಆಡಿಸುವ ಬೇರೆ ಸಾಲಿಗೆ ತಳ್ಳುತ್ತಾರೆ. ಮೋಡ ಕವಿದ ಸಂಜೆ ನಾನು ಆಡಲು ಕೂರುವುದಿಲ್ಲ.

ಇನ್ನು ಬೈಗುಳ. ಜೊತೆಗೆ ಆಡುವವರು ಅಪರಿಚಿತರು. ಕಿವಿಯಲ್ಲಿ ಅವರ ದನಿ ಕೇಳುತ್ತದೆ. ನನ್ನ ಮೊದಲ ವಾರದಲ್ಲಿ ಒಬ್ಬ ನನ್ನನ್ನು ಮೂರು ಭಾಷೆಯಲ್ಲಿ ಬೈದ. ಕನ್ನಡದಲ್ಲಿ ಬೈಯಲಿಲ್ಲ ಎಂಬುದೇ ಸಮಾಧಾನ. ತಿರುಗಿ ಬೈಯಬೇಡಿ. ಬೈಯುವವನಿಗೆ ಉತ್ತರ ಟೈಪ್ ಮಾಡುತ್ತ ನಿಂತರೆ ಅಷ್ಟರಲ್ಲಿ ಹುಲಿ ಹಾರಿರುತ್ತದೆ. ಅವನ ಹೆಸರಿನ ಪಕ್ಕದಲ್ಲಿ ಮ್ಯೂಟ್ ಗುಂಡಿ ಇದೆ. ಒತ್ತಿ. ಮಾತಾಡಲೇಬೇಕಾದ ಸಂಗತಿಗಳು ಎರಡೋ ಮೂರೋ. ಶತ್ರು ಇಲ್ಲಿಲ್ಲ, ಹಿಂದೆ ಬನ್ನಿ, ಗೋಪುರಕ್ಕೆ ಹೋಗೋಣ. ಇವನ್ನೆಲ್ಲ ಬಾಯಿ ಬಿಡದೆಯೇ, ನಕ್ಷೆಯ ಮೇಲೆ ಒಂದು ಗುರುತು ಒತ್ತಿ ಹೇಳಬಹುದು. ಭಾಷೆ ಬಾರದವರಿಗೂ ತಿಳಿಯುತ್ತದೆ.

ಹೊತ್ತು, ಮಳೆ, ಬೈಗುಳ, ಈ ಮೂರೂ ಆಯಿತು. ದುಡ್ಡಿನ ಮಾತು ಬಾಕಿ. ತಂದೆತಾಯಿಗಳ ನಿಜವಾದ ಭಯ ಇಲ್ಲಿದೆ.

ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿ, ಪೋಕರ್ ಬೇರೆ. ಈ ಆಟ ಬೇರೆ. ಎರಡನ್ನೂ ಗೇಮ್ ಅನ್ನುವುದರಿಂದ ಗೊಂದಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಒಂದು ಕಾಯ್ದೆ ಮಾಡಿತು. ಹಣದ ಆಟಗಳಿಗೆ ಅದರಲ್ಲಿ ನಿಷೇಧ. ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸಿ ಪ್ರೋತ್ಸಾಹದ ಮಾತನ್ನೂ ಆ ಕಾಯ್ದೆ ಆಡಿದೆ.

ಡೋಟಾದಲ್ಲಿ ದುಡ್ಡು ಕೊಟ್ಟರೆ ಸಿಗುವುದು ವೇಷಭೂಷಣ. ಹೀರೋಗೆ ಹೊಸ ಕಿರೀಟ, ಹೊಸ ಮೇಲಂಗಿ. ಅದರಿಂದ ಬಲ ಒಂದು ಚೂರೂ ಹೆಚ್ಚುವುದಿಲ್ಲ. ಯಕ್ಷಗಾನದಲ್ಲಿ ಕಿರೀಟ ದೊಡ್ಡದಾದರೆ ಕುಣಿತ ಬಂದೀತೆ? ಮಕ್ಕಳು ಬಳಸುವ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನಿಮ್ಮ ಕಾರ್ಡಿನ ನಂಬರನ್ನು ಉಳಿಸಿ ಇಡಬೇಡಿ. ಅದೂ ಒಂದು ಖಾಲಿ ಮನೆಯೇ.

ಕಂಪ್ಯೂಟರ್ ಇಲ್ಲದವರು ಏನು ಮಾಡಬೇಕು? ಮೊಬೈಲ್ ಲೆಜೆಂಡ್ಸ್ ಎಂಬ ಆಟವನ್ನು ಹಲವರು ಕೇಳಿರಬಹುದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಡೆಹಿಡಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಕಳ್ಳದಾರಿಯಲ್ಲಿ ಇಳಿಸಿಕೊಂಡು ಆಡುವ ಸಾಹಸ ಬೇಡ. ಪೋಕೆಮಾನ್ ಯುನೈಟ್ ಎಂಬುದೊಂದಿದೆ. ಅಲ್ಲೂ ಐದಕ್ಕೆ ಐದು. ಹತ್ತೇ ನಿಮಿಷದ ಆಟ. ಗೋಪುರ ಉರುಳಿಸುವುದರ ಬದಲು ಅಂಕ ಕೂಡಿಸಿ ಎದುರಾಳಿಯ ಅಂಗಳದಲ್ಲಿ ಹಾಕಿ ಬರಬೇಕು. ಮರಳಿ ಬರುವ ದಾರಿ ನೋಡಿಕೊಳ್ಳದೆ ಹೋದವನ ಗತಿ ಅಲ್ಲೂ ಅದೇ.

ಆರಂಭದ ಕ್ರಮ ಹೇಳಿಬಿಡುತ್ತೇನೆ, ಇದರಲ್ಲಿ ಹೆಚ್ಚು ಮಾತಿಲ್ಲ. ಮೊದಲು ಯಂತ್ರದ ಜೊತೆ ಆಡಿ. ಬಾಟ್ ಅನ್ನುತ್ತಾರೆ, ಅದು ಬೈಯುವುದಿಲ್ಲ. ಹತ್ತು-ಹದಿನೈದು ಆಟ ಆದ ಮೇಲೆ ಮನುಷ್ಯರ ಜೊತೆ. ರ‍್ಯಾಂಕ್ಡ್ ಎಂಬ ಶ್ರೇಯಾಂಕದ ಪಂದ್ಯಕ್ಕೆ ಅವಸರ ಬೇಡ. ಅವಸರ ಪಟ್ಟರೂ ಬಿಡುವುದಿಲ್ಲ. ಸುಮಾರು 100 ಗಂಟೆ ಆಡಿರಬೇಕು ಎಂಬ ನಿಯಮವಿದೆ. ದಿನಕ್ಕೊಂದು ಆಟವಾದರೆ ಐದು ತಿಂಗಳು.

ಆ ಐದು ತಿಂಗಳು ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಮುಗಿದ ಆಟವನ್ನು ಮತ್ತೆ ಹಾಕಿ ನೋಡುವ ಅನುಕೂಲ ಇದೆ. ಪೂರ್ತಿ ನೋಡುತ್ತಿರಲಿಲ್ಲ. ನಾನು ಸತ್ತ ಕ್ಷಣಕ್ಕೆ ಅರ್ಧ ನಿಮಿಷ ಹಿಂದಕ್ಕೆ ಹೋಗಿ ನೋಡುತ್ತಿದ್ದೆ. ಪ್ರತಿ ಸಾವಿಗೂ ಒಂದು ಸಾಲು ಬರೆಯುತ್ತಿದ್ದೆ. ಖಾಲಿ ಮನೆ ಯಾವುದು? ಗೋಪುರ ದೂರವಿತ್ತೆ? ಗೆಳೆಯ ದೂರವಿದ್ದನೆ? ಕಾಡು ಕತ್ತಲಿತ್ತೆ? ಮನೆಯವರು ಆ ಪುಸ್ತಕ ನೋಡಿ, ದಿನಸಿ ಲೆಕ್ಕವನ್ನು ಒಂದು ದಿನವೂ ಇಷ್ಟು ಶ್ರದ್ಧೆಯಿಂದ ಬರೆಯಲಿಲ್ಲವಲ್ಲ ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಸಣ್ಣ ಊರಿನಲ್ಲಿ ಕೂತು ಆಡಿ ಏನಾಗಬೇಕು ಎಂದು ಕೇಳುವವರಿದ್ದಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು. ಅಲ್ಲಿ ಹಾರ್ತ್‌ಸ್ಟೋನ್ ಎಂಬ ಇಸ್ಪೀಟಿನಂಥ ತಂತ್ರದ ಆಟದಲ್ಲಿ ಭಾರತದ ತೀರ್ಥ ಮೆಹ್ತಾ ಕಂಚು ಗೆದ್ದರು. ಅವರು ಗುಜರಾತಿನ ಭುಜ್‌ನವರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಪಂದ್ಯಾವಳಿಯಲ್ಲಿ ನಮ್ಮ ಡೋಟಾ 2 ತಂಡಕ್ಕೂ ಕಂಚು ಬಂತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. ಆದರೂ ಪದಕದ ಆಸೆಗೆ ಯಾರೂ ಕೂರಬೇಡಿ. ಓಣಿಯಲ್ಲಿ ಕ್ರಿಕೆಟ್ ಆಡುವವರೆಲ್ಲ ಗುಂಡಪ್ಪ ವಿಶ್ವನಾಥ್ ಆಗಲೆಂದು ಆಡುತ್ತಾರೆಯೆ? ಅವರು ನಮ್ಮ ಭದ್ರಾವತಿಯಲ್ಲೇ ಹುಟ್ಟಿದವರು ಎಂದು ನೆನಪಿಸಲು ಇದೊಂದು ನೆಪ.

ಅಳಿಯ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನು ಮಾಡುವುದು ಅಪರೂಪ. ಆದರೆ ಶನಿವಾರ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಬರುತ್ತಾನೆ. ಅವನು ಕ್ಯಾರಿ. ನಾನು ಎರಡು ತಲೆಯ ದಢೂತಿ. ನಡುನಡುವೆ ಅಕ್ಕನ ಮಂಡಿನೋವಿನ ವಿಚಾರ, ಬಾಡಿಗೆಯ ವಿಚಾರ ಎಲ್ಲ ಬರುತ್ತವೆ. ಹೋದ ವಾರ ಅವನು ಹೊಳೆ ದಾಟಿ ಒಬ್ಬನನ್ನು ಅಟ್ಟಿಸಿಕೊಂಡು ಹೊರಟ. ನಕ್ಷೆ ನೋಡಿದೆ. ಇಬ್ಬರು ಕಾಣುತ್ತಿರಲಿಲ್ಲ. "ಹಿಂದೆ ಬಾರೋ" ಅಂದೆ. ಬರಲಿಲ್ಲ. ಹುಡುಗ ಈಗಲೂ ಹುಲಿಯೇ. ನಾನು ಓಡಿಹೋಗಿ ಅವನ ಬೆನ್ನ ಹಿಂದೆ ನಿಂತೆ. ಅವನು ಉಳಿದ, ನಾನು ಸತ್ತೆ. ನೋಟ್‌ಬುಕ್ಕಿನಲ್ಲಿ ಆ ಸಾವಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ಸಾಲನ್ನು ಹಾಗೇ ಬಿಟ್ಟಿದ್ದೇನೆ.

ಇವತ್ತೂ ಶನಿವಾರ. ಒಂಬತ್ತಕ್ಕೆ ಆಟವಿದೆ, ಕರೆಂಟು ಇದ್ದರೆ.